ಚರ್ಚ್ ಕಡೆಯಿಂದ ಒಬ್ಬ ಹುಡುಗನಿಗೆ ಮೆಂಟರ್ ಆಗಿದೀನಿ, ಮುಂದೆ ಏನ್ ಮಾಡ್ಬೇಕು ಗೊತ್ತಾಗ್ತಿಲ್ಲ (ಶಿವಮೊಗ್ಗ)

ತುಂಗಾ_ತೀರ_29:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳಿ. ನಮ್ಮೂರು ತೀರ್ಥಹಳ್ಳಿ ಕಡೆ, ನಾಲ್ಕು ವರ್ಷದಿಂದ ಶಿವಮೊಗ್ಗದಲ್ಲಿದೀನಿ, ಅಡಿಕೆ ಮಂಡಿಲಿ ಲೆಕ್ಕ ಬರೆಯೋ ಕೆಲಸ, ವಿನೋಬನಗರದಲ್ಲಿ ರೂಮು. ಭಾನುವಾರ ಚರ್ಚಿಗೆ ಹೋಗ್ತೀನಿ, ಹಾಡೋರ ಗುಂಪಲ್ಲಿ ಹಿಂದಿನ ಸಾಲಲ್ಲಿ ನಿಂತು ಬಾಯಿ ಆಡಿಸೋ ಪೈಕಿ, ಅದಕ್ಕಿಂತ ದೊಡ್ಡ ಭಕ್ತ ಏನಲ್ಲ.

ನಮ್ಮ ಚರ್ಚಿನೋರು ಒಂದು ಬಡಾವಣೆಲಿ ಸಂಜೆ ಟ್ಯೂಷನ್ ನಡೆಸ್ತಾರೆ, ಇಪ್ಪತ್ತು ಚಿಲ್ಲರೆ ಮಕ್ಕಳು. ಎಲ್ಲರ ಮನೇಲೂ ಒಂದಲ್ಲ ಒಂದು ತಾಪತ್ರಯ, ಅಪ್ಪನ ಕುಡಿತ, ಅಮ್ಮ ಒಬ್ಳೇ ದುಡಿಯೋದು, ಸ್ಕೂಲು ಅರ್ಧಕ್ಕೆ ಬಿಟ್ಟಿದ್ದು, ಒಬ್ಬ ಅಂತೂ ಮನೆ ಬಿಟ್ಟು ಹೋಗಿ ರೈಲ್ವೆ ಸ್ಟೇಷನ್ನಲ್ಲಿ ಸಿಕ್ಕಿದ್ನಂತೆ. ಹೋದ ತಿಂಗಳು ಪಾಸ್ಟರ್ ಆರಾಧನೆ ಮುಗಿದ್ಮೇಲೆ ನಮ್ಮನ್ನೆಲ್ಲ ನಿಲ್ಲಿಸ್ಕೊಂಡು, ಪಾಠ ಹೇಳ್ಕೊಡಕ್ಕೆ ಜನ ಇದಾರೆ ಆದ್ರೆ ಆ ಮಕ್ಕಳ ಜೊತೆ ಸುಮ್ನೆ ಕೂರಕ್ಕೆ ಯಾರೂ ಇಲ್ಲ, ಒಬ್ಬೊಬ್ರು ಒಂದೊಂದು ಮಗು ತಗೊಳಿ, ಶನಿವಾರ ನಾಲ್ಕರಿಂದ ಆರು, ಒಂದು ವರ್ಷ ಅಂದ್ರು. ನಾನು ಕೈ ಎತ್ತಿಬಿಟ್ಟೆ. ಯಾಕೆ ಎತ್ತಿದೆ ಅಂತ ಈಗ್ಲೂ ಗೊತ್ತಿಲ್ಲ. ಅಮ್ಮಂಗೆ ಫೋನಲ್ಲಿ ಹೇಳಿದ್ರೆ "ನಿಂಗೇ ಒಂದು ಮದ್ವೆ ಅಂತ ಆಗಿಲ್ಲ, ಊರ ಮಕ್ಕಳನ್ನ ಸಾಕಕ್ಕೆ ಹೊರಟೆಯಲ್ಲ ಮಾರಾಯ" ಅಂತ ಬೈದ್ರು.

ನನಗೆ ಸಿಕ್ಕಿರೋನು 13 ವರ್ಷದ ಹುಡುಗ. ಎರಡು ಶನಿವಾರ ಆಯ್ತು. ಮೊದಲ್ನೇ ದಿನ ನಾನು ಇಂಟರ್‌ವ್ಯೂ ಮಾಡ್ದಂಗೆ ಕೇಳ್ತಾ ಹೋದೆ, ಯಾವ ಸಬ್ಜೆಕ್ಟ್ ಇಷ್ಟ, ದೊಡ್ಡೋನಾದ್ಮೇಲೆ ಏನಾಗ್ತೀಯ, ಮನೇಲಿ ಯಾರ್ ಯಾರು ಇದೀರ. ಅವ್ನು ಬಾಗಿಲ ಕಡೆ ನೋಡ್ಕೊಂಡು ಎರಡು ಗಂಟೆ ಕೂತಿದ್ದ. ಎರಡ್ನೇ ವಾರ ಮಾತಾಡಿದ್ದು ಒಂದೇ ವಿಷ್ಯ, ಕೋಟೆ ಮಾರಿಕಾಂಬ ಜಾತ್ರೆಲಿ ಜಯಂಟ್ ವೀಲ್ ಮೇಲೆ ಕೂತಾಗ ಕರೆಂಟ್ ಹೋಗಿ ಮೇಲೇ ನಿಂತುಬಿಟ್ಟಿದ್ದು. ಅದನ್ನ ಹೇಳೋವಾಗ ಮುಖ ಅರಳ್ತು. ಆಮೇಲೆ ಮತ್ತೆ ಬಾಗಿಲು.

ನನ್ನ ಪ್ರಶ್ನೆಗಳು. ಇವರ ಮನೆಯೋರು ಹಿಂದೂಗಳು, ಪ್ರಾರ್ಥನೆ ಮಾಡಿಸ್ಬೇಕಾ ಬಾರ್ದಾ? ಮಾಡಿಸದಿದ್ರೆ ಚರ್ಚಿನ ಮೆಂಟರ್ ಅಂತ ಹೋಗೋದು ಯಾಕೆ, ಮಾಡಿಸಿದ್ರೆ ನಾಳೆ ಬೀದೀಲಿ ಏನಂತಾರೆ? ಅವ್ನ ಅಮ್ಮ ಹೋದ ವಾರ ಐನೂರು ರೂಪಾಯಿ ಕೇಳಿದ್ರು, ಕೊಟ್ಟೆ, ಕೊಟ್ಟಿದ್ದು ತಪ್ಪಾ? ಆಮೇಲೆ ಹುಡುಗನೇ ಹೇಳ್ದ, ಇನ್ನು ಎರಡು ವಾರ ಅಡಿಕೆ ಸುಲಿಯಕ್ಕೆ ಮಾವನ ಜೊತೆ ಹೋಗ್ತೀನಿ, ಬರಲ್ಲ ಅಂತ. ಸ್ಕೂಲು? ಅಂದೆ. ನಕ್ಕ.

ಅಡಿಕೆ ವ್ಯಾಪಾರದಿಂದ್ಲೇ ನನಗೆ ಸಂಬಳ ಬರೋದು, ಅದೊಂದು ಕಿರಿಕಿರಿ ಬೇರೆ.

(ಎಡಿಟ್: ಹುಡುಗನ ಬಡಾವಣೆ, ಸ್ಕೂಲು, ಕ್ಲಾಸು ಬರೆದಿದ್ದೆ, ತೆಗೆದಿದೀನಿ. ಕೆಳಗೆ ಬೈದಿದಾರೆ, ಸರಿಯಾಗೇ ಬೈದಿದಾರೆ.)

ಮಾಜಿ_ಫೀಲ್ಡ್_ವರ್ಕರ್:

ಮೊದಲು ಆ ಬಡಾವಣೆ ಹೆಸರು, ಸ್ಕೂಲು ಎಲ್ಲಾ ತೆಗೀರಿ ಸ್ವಾಮಿ, ಆಮೇಲೆ ಮಾತಾಡೋಣ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74ರಲ್ಲಿ ಇಂಥ ಮಕ್ಕಳ ಹೆಸರು, ವಿಳಾಸ, ಸ್ಕೂಲು, ಫೋಟೋ ಬಯಲು ಮಾಡೋ ಹಾಗಿಲ್ಲ, ಆರು ತಿಂಗಳ ತನಕ ಜೈಲು ಅಥವಾ ಎರಡು ಲಕ್ಷದ ತನಕ ದಂಡ. ಕಾನೂನಿನ ಮಾತು ಬಿಡಿ, ನಿಮ್ಮ ಹುಡುಗನ ಕ್ಲಾಸಿನೋರು ಯಾರಾದ್ರೂ ಓದಿದ್ರೆ ಅವ್ನು ನಾಳೆ ಸ್ಕೂಲಲ್ಲಿ ತಲೆ ಎತ್ತೋದು ಹೇಗೆ? ಚರ್ಚಿನ ವಾಟ್ಸಾಪ್ ಗ್ರೂಪಲ್ಲಿ "ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಿ" ಅಂತ ಫೋಟೋ ಹಾಕ್ತಾರಲ್ಲ, ಅದೂ ನಿಲ್ಲಿಸಿ.

ತೆಗೆದ್ರಾ? ಸರಿ. ನಾನು ಆರು ವರ್ಷ ಮಕ್ಕಳ ರಕ್ಷಣೆ ಕೆಲಸದಲ್ಲಿ ಹಳ್ಳಿ ಹಳ್ಳಿ ತಿರುಗಿದೋನು, ಈಗ ಬಿಟ್ಟು ತೋಟ ನೋಡ್ಕೊಂಡಿದೀನಿ. ನಿಮ್ಮ ಸೆಂಟರಲ್ಲಿ ಮಕ್ಕಳು ರಾತ್ರಿ ಉಳ್ಕೋತಾರಾ, ಮನೆಗೆ ಹೋಗ್ತಾರಾ? ಉಳ್ಕೊಂಡ್ರೆ ಆ ಜಾಗ ಕಾಯ್ದೆ ಪ್ರಕಾರ ನೋಂದಣಿ ಆಗಿರ್ಲೇಬೇಕು, ಆಗಿಲ್ಲ ಅಂದ್ರೆ ನೀವು ಅಲ್ಲಿ ಕಾಲಿಡ್ಬೇಡಿ. ಸಂಜೆ ಬಂದು ಹೋಗೋದಾದ್ರೆ ಅಪ್ಪ ಅಮ್ಮನ ಹತ್ರ ಬರವಣಿಗೆಲಿ ಒಪ್ಪಿಗೆ ಇದೆಯಾ ಕೇಳಿ, ಅದರಲ್ಲಿ ಇದು ಚರ್ಚ್ ನಡೆಸೋದು ಅಂತ ಕನ್ನಡದಲ್ಲಿ ಬರೆದಿದೆಯಾ ನೋಡಿ. ಹುಡುಗನ ಜೊತೆ ಬಾಗಿಲು ಹಾಕ್ಕೊಂಡು ಒಬ್ರೇ ಕೂರೋದು, ಬೈಕಲ್ಲಿ ಕೂರಿಸ್ಕೊಂಡು ಎಲ್ಲಿಗೋ ಹೋಗೋದು, ರಾತ್ರಿ ಫೋನಲ್ಲಿ ಹರಟೋದು ಯಾವ್ದೂ ಬೇಡ. ಜಗಲೀಲಿ ಕೂರಿ, ನಾಲ್ಕು ಜನ ಓಡಾಡೋ ಕಡೆ. ಇದು ನಿಮ್ಮ ಮೇಲಿನ ಅನುಮಾನ ಅಲ್ಲ. ಒಳ್ಳೆಯೋರು ತಾವಾಗೇ ಬಾಗಿಲು ತೆಗೆದಿಟ್ಟಿದ್ರೆ ಕೆಟ್ಟೋನು ಬಂದಾಗ ಮುಚ್ಚಿದ ಬಾಗಿಲು ಎದ್ದು ಕಾಣುತ್ತೆ, ನಾನು ಕಂಡಿದ್ದು ಇಷ್ಟೇ.

ಇನ್ನೊಂದು ಮಾತು, ಮುಂದೆ ಯಾವತ್ತಾದ್ರೂ ಹುಡುಗ "ಒಂದು ವಿಷ್ಯ ಹೇಳ್ತೀನಿ, ಯಾರಿಗೂ ಹೇಳ್ಬೇಡಿ" ಅಂದ್ರೆ ಹೇಳಲ್ಲ ಅಂತ ಮಾತು ಕೊಡ್ಬೇಡಿ. "ನಿಂಗೆ ತೊಂದ್ರೆ ಆಗ್ತಿರೋ ವಿಷ್ಯ ಆದ್ರೆ ಸಹಾಯ ಮಾಡೋರಿಗೆ ಹೇಳ್ಬೇಕಾಗುತ್ತೆ, ಯಾರಿಗೆ ಹೇಳ್ತೀನಿ ಅಂತ ನಿಂಗೆ ಮೊದ್ಲು ಹೇಳ್ತೀನಿ" ಅನ್ನಿ. ಲೈಂಗಿಕ ದೌರ್ಜನ್ಯದ ವಿಷ್ಯ ಗೊತ್ತಾದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸೋದು ಕಡ್ಡಾಯ, ಮುಚ್ಚಿಟ್ರೆ ಮುಚ್ಚಿಟ್ಟೋರ ಮೇಲೇ ಕೇಸು. ಪಾಸ್ಟರ್ ಹತ್ರ ಹೇಳಿದೀನಿ, ಫಾದರ್ ಹತ್ರ ಹೇಳಿದೀನಿ, ಅವ್ರು ನೋಡ್ಕೋತಾರೆ ಅನ್ನೋದು ನಡೆಯಲ್ಲ. ಮಕ್ಕಳ ಸಹಾಯವಾಣಿ ನಂಬರ್ 1098 ನೆನಪಿಟ್ಕೊಳಿ, ಮೊದ್ಲು ಚೈಲ್ಡ್‌ಲೈನ್ ಸಂಸ್ಥೆ ನಡೆಸ್ತಿತ್ತು, 2023ರಿಂದ ಸರ್ಕಾರವೇ ನಡೆಸ್ತಿದೆ, ನಂಬರ್ ಅದೇ.

ಅಡಿಕೆ ಸುಲಿಯೋ ವಿಷ್ಯ ರಾತ್ರಿ ಬರೀತೀನಿ, ಈಗ ಔಷಧಿ ಹೊಡೆಯೋರು ಬಂದ್ರು.

ಸಾಗರದ_ಟೀಚರಮ್ಮ:

ಮಗಾ, ನೀನು ಕೈ ಎತ್ತಿದ್ದು ಒಳ್ಳೇದೇ ಆಯ್ತು, ಗಾಬರಿ ಆಗ್ಬೇಡ. ನಾನು ಸರ್ಕಾರಿ ಪ್ರಾಥಮಿಕ ಶಾಲೇಲಿ ಟೀಚರ್ ಆಗಿದ್ದೋಳು, ರಿಟೈರ್ ಆದ್ಮೇಲೆ ನಮ್ಮ ಚರ್ಚಿನ ಸಿಸ್ಟರ್‌ಗಳ ಜೊತೆ ಇದೇ ಕೆಲಸ ಏಳು ವರ್ಷ ಮಾಡಿದೀನಿ.

ಮೊದ್ಲು ಪ್ರಶ್ನೆ ಕೇಳೋದು ಬಿಡು. ಆ ಮಕ್ಕಳಿಗೆ ಪ್ರಶ್ನೆ ಕೇಳೋರು ಅಂದ್ರೆ ಹೆಡ್‌ಮೇಷ್ಟ್ರು, ಪೊಲೀಸು, ಸಾಲ ವಸೂಲಿಗೆ ಬರೋರು. ಮನೇಲಿ ಯಾರಿದೀರ ಅಂತ ಕೇಳಿದ್ರೆ ಅವ್ನಿಗೆ ನೀನೂ ಅದೇ ಸಾಲಿಗೆ ಸೇರ್ದೆ. ಎದುರು ಬದುರು ಕೂತ್ರೆ ಮಾತು ಬರಲ್ಲ, ಪಕ್ಕದಲ್ಲಿ ಕೂತು ಕೈಗೆ ಏನಾದ್ರೂ ಕೆಲಸ ಇದ್ರೆ ತಾನಾಗೇ ಬರುತ್ತೆ. ನನ್ನ ಪಾಲಿಗೆ ಒಬ್ಳು ಹುಡುಗಿ ಬಂದಿದ್ಲು, ನಾನು ಬಂದೆ ಅಂದ್ರೆ ಕೊಟ್ಟಿಗೆ ಹಿಂದೆ ಹೋಗಿ ನಿಲ್ಲೋಳು. ಐದು ವಾರ ನಾನು ಕೊಟ್ಟಿಗೆ ಈಚೆ ಕಟ್ಟೆ ಮೇಲೆ ಕೂತು ಮನೆಗೆ ಬೇಕಾದ ಅವರೆಕಾಯಿ ಬಿಡಿಸ್ಕೊಂಡು ಬಂದಿದೀನಿ, ಅವ್ಳ ಕಡೆ ತಿರುಗಿ ಸಹ ನೋಡಿಲ್ಲ. ಆರನೇ ವಾರ ಬಂದು ಮೊರದಿಂದ ಒಂದು ಹಿಡಿ ತಗೊಂಡು ಬಿಡಿಸಕ್ಕೆ ಕೂತ್ಲು, "ನೀವು ಹುಳ ಇರೋದೂ ಹಾಕ್ತಿದೀರಾ ಟೀಚರ್" ಅಂದ್ಲು. ನನ್ನ ಕಣ್ಣು ಮಂಜು, ಅವ್ಳು ಹೇಳಿದ್ದು ನಿಜ ಇತ್ತು. ಅಲ್ಲಿಂದ ನಮ್ಮಿಬ್ರ ಸ್ನೇಹ.

ಡಾನ್ ಬೋಸ್ಕೊ ಹೆಸರು ಕೇಳಿರ್ತೀಯ, ಇಟಲಿಯ ಟ್ಯೂರಿನ್ ಊರಿನ ಪಾದ್ರಿ, 1815ರಿಂದ 1888. ಆಗ ಅಲ್ಲಿ ಹಳ್ಳಿಯಿಂದ ಗಾರೆ ಕೆಲಸ, ಚಿಮಣಿ ಗುಡಿಸೋ ಕೆಲಸಕ್ಕೆ ಅಂತ ಬಂದ ಹುಡುಗ್ರು ಬೀದಿಪಾಲಾಗಿ ಜೈಲು ಸೇರ್ತಿದ್ರು, ಈತ ಜೈಲಿಗೆ ಹೋಗಿ ಅವರನ್ನ ನೋಡಿ ಕಂಗಾಲಾದೋನು. 1841ರ ಡಿಸೆಂಬರ್ 8ನೇ ತಾರೀಕು ಚರ್ಚಿಗೆ ಒಬ್ಬ ಗಾರೆ ಕೆಲಸದ ಹುಡುಗ ಚಳಿಗೆ ಒಳಗೆ ಬಂದಿದ್ದ, ಪೂಜೆಗೆ ಸಹಾಯ ಮಾಡಕ್ಕೆ ಬರಲ್ಲ ಅಂತ ಅಲ್ಲಿ ಕೆಲಸ ಮಾಡೋನು ಅವ್ನಿಗೆ ಹೊಡೆದು ಅಟ್ಟಿದ. ಬೋಸ್ಕೊ ಅವ್ನನ್ನ ವಾಪಸ್ ಕರೆಸಿ ಕೇಳಿದ್ದು, ಓದಕ್ಕೆ ಬರುತ್ತಾ, ಇಲ್ಲ, ಹಾಡಕ್ಕೆ ಬರುತ್ತಾ, ಇಲ್ಲ, ಸಿಳ್ಳೆ ಹೊಡಿಯಕ್ಕೆ? ಹುಡುಗ ನಕ್ಕುಬಿಟ್ಟ. ಅಷ್ಟರಿಂದ ಶುರುವಾದ ಕೆಲಸ ಇವತ್ತು ಪ್ರಪಂಚದ ತುಂಬ ಇದೆ. ನಿನ್ನ ಹುಡುಗನ ಸಿಳ್ಳೆ ಯಾವ್ದು ಅಂದ್ರೆ ಆ ಜಯಂಟ್ ವೀಲು. ಬಾಗಿಲು ನೋಡೋ ಹುಡುಗ ಅಷ್ಟು ಹೊತ್ತು ಬಾಗಿಲು ಮರೆತ ಅಂತ ನೀನೇ ಬರೆದಿದೀಯ. ಅದನ್ನ ಬಿಟ್ಟು ಸಬ್ಜೆಕ್ಟ್ ಯಾವ್ದಿಷ್ಟ ಅಂತ ಯಾಕೆ ಕೇಳ್ತೀಯ?

ಪ್ರಾರ್ಥನೆ ವಿಷ್ಯ. ನೀನು ಹೋಗೋ ಮುಂಚೆ ಬೇಕಾದಷ್ಟು ಮಾಡು, ಬಂದ್ಮೇಲೂ ಮಾಡು, ಅವ್ನಿಂದ ಮಾಡಿಸ್ಬೇಡ. ಯಾಕೋಬನ ಪತ್ರಿಕೆ 1:27ರಲ್ಲಿ ದಿಕ್ಕಿಲ್ಲದೋರನ್ನ, ವಿಧವೆಯರನ್ನ ಅವರ ಕಷ್ಟದಲ್ಲಿ ನೋಡ್ಕೊಳೋದನ್ನೇ ಭಕ್ತಿ ಅಂದಿರೋದು. ಅವ್ನೇ ಒಂದಿನ ನೀವು ಯಾಕೆ ಪ್ರತಿ ವಾರ ಬರ್ತೀರಿ ಅಂತ ಕೇಳ್ತಾನೆ, ಕೇಳೇ ಕೇಳ್ತಾನೆ, ಅವತ್ತು ಸುಳ್ಳು ಹೇಳ್ಬೇಡ, ನಿನ್ನ ನಂಬಿಕೆ ಏನು ಅಂತ ಎರಡು ಮಾತಲ್ಲಿ ಹೇಳಿ ಮತ್ತೆ ಕೇರಂ ಆಡು.

ದುಡ್ಡು ಕೈಗೆ ಕೊಡ್ಬೇಡ. ಕೊಟ್ಟಿದ್ದು ಕೊಟ್ಟೆ, ವಾಪಸ್ ಕೇಳ್ಬೇಡ, ಮುಂದಿನ ಸಲಿ ಕೇಳಿದ್ರೆ "ಅಕ್ಕಾ, ಸೆಂಟರಿನೋರ ಹತ್ರ ಮಾತಾಡೋಣ ಬನ್ನಿ" ಅಂತ ಜೊತೆಗೆ ಹೋಗು. ನೀನು ದುಡ್ಡು ಕೊಡೋನಾದ್ರೆ ಹುಡುಗ ಮನೇಲಿ ನಿನ್ನ ಹೆಸರು ಹೇಳಿ ದುಡ್ಡು ತರಿಸೋ ಸಾಮಾನು ಆಗ್ತಾನೆ.

ಗಾಜನೂರು_ಗೌಡ:

ನಾನು ಹಿಂದೂ, ನೇರ ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. ಸಹಾಯ ಮಾಡಿ, ಬೇಡ ಅನ್ನಲ್ಲ. ಆದ್ರೆ ನೋಟ್‌ಬುಕ್ಕು, ಬ್ಯಾಗು, ಬಿಸ್ಕೆಟ್ಟು ಕೊಟ್ಟು ಆರು ತಿಂಗಳಾದ್ಮೇಲೆ "ಭಾನುವಾರ ಚರ್ಚಿಗೆ ಬಾ ಪುಟ್ಟ" ಅಂದ್ರೆ ಅದು ಸಹಾಯ ಅಲ್ಲ, ವ್ಯಾಪಾರ. ನಮ್ಮ ಕಡೆ ಒಂದು ಮನೇಲಿ ಹಾಗೇ ಆಗಿ ಅಣ್ಣ ತಮ್ಮಂದಿರು ಇವತ್ತಿಗೂ ಮಾತು ಬಿಟ್ಟಿದಾರೆ. ನಿಮ್ಮ ಪಾಸ್ಟರ್‌ಗೆ ಗುಟ್ಟಾಗಿ ಬೇರೆ ಲೆಕ್ಕ ಇದ್ರೆ ನಿಮಗೆ ಗೊತ್ತೇ ಆಗಲ್ಲ.

ತುಂಗಾ_ತೀರ_29:

ಗೌಡ್ರೆ ಬೇಜಾರಿಲ್ಲ, ಇದೇ ಭಯ ನನಗೂ ಇತ್ತು. ಇವತ್ತು ಪಾಸ್ಟರ್ ಹತ್ರ ನೇರವಾಗಿ ಕೇಳಿದೆ, ಈ ಮಕ್ಕಳು ಚರ್ಚಿಗೆ ಬರ್ಬೇಕು ಅಂತ ಇದೆಯಾ ಅಂತ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, ಬಂದ್ರೆ ಸಂತೋಷ, ಬರ್ಲಿ ಅಂತ ಮಾಡ್ತಿಲ್ಲ ಅಂದ್ರು. ಆ ಸುಮ್ನಿದ್ದ ಹೊತ್ತು ನನಗೆ ಇಷ್ಟ ಆಯ್ತು, ತಟ್ಟಂತ ಹೇಳಿದ್ರೆ ನಂಬ್ತಿರ್ಲಿಲ್ಲ.

ಮಾಜಿ_ಫೀಲ್ಡ್_ವರ್ಕರ್:

ಗೌಡ್ರು ಹೇಳಿದ್ದು ಕಾನೂನಿನ ಭಾಷೇಲಿ ಆಮಿಷ. ಕರ್ನಾಟಕದ 2022ರ ಮತಾಂತರ ಕಾಯ್ದೇಲಿ ಉಡುಗೊರೆ, ದುಡ್ಡು, ಉಚಿತ ಶಿಕ್ಷಣ ಎಲ್ಲಾ ಅದರ ವ್ಯಾಖ್ಯೆ ಒಳಗೆ ಬರುತ್ತೆ, ಅಪ್ರಾಪ್ತರ ವಿಷ್ಯದಲ್ಲಿ ಮೂರರಿಂದ ಹತ್ತು ವರ್ಷ ಶಿಕ್ಷೆ, ಐವತ್ತು ಸಾವಿರ ದಂಡ ಅಂತ ಬರೆದಿದಾರೆ. 2023ರ ಜೂನಲ್ಲಿ ಸಚಿವ ಸಂಪುಟ ಅದನ್ನ ವಾಪಸ್ ತಗೊಳೋ ತೀರ್ಮಾನ ಮಾಡಿತ್ತು. ಆ ಕಾಯ್ದೆ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಇಲ್ಲಿ ಬೇಡ. ಆದ್ರೆ ಕಾಯ್ದೆ ಇರ್ಲಿ ಬಿಡ್ಲಿ, ಹಸಿದ ಹುಡುಗನ ಹತ್ರ ಒಪ್ಪಿಗೆ ಕೇಳೋದೇ ಒಂದು ಮೋಸ. ಸಂವಿಧಾನದ 28(3)ನೇ ವಿಧೀಲೂ ಸರ್ಕಾರದ ಮಾನ್ಯತೆ ಇರೋ ಶಾಲೇಲಿ ಮಗುನ ಧಾರ್ಮಿಕ ಬೋಧನೆಗೆ ಕೂರಿಸ್ಬೇಕಾದ್ರೆ ಪೋಷಕರ ಒಪ್ಪಿಗೆ ಬೇಕು ಅಂತಿದೆ. ನಿಮ್ಮದು ಶಾಲೆ ಅಲ್ಲ, ಆದ್ರೂ ಅದೇ ಅಳತೆ ಇಟ್ಕೊಂಡ್ರೆ ರಾತ್ರಿ ನಿದ್ದೆ ಬರುತ್ತೆ.

ಈಗ ಅಡಿಕೆ. ಹದಿನಾಲ್ಕು ತುಂಬದ ಮಗುನ ಕೂಲಿಗೆ ಹಚ್ಚೋ ಹಾಗಿಲ್ಲ, 2016ರ ತಿದ್ದುಪಡಿ ಆದ್ಮೇಲೆ ಯಾವ ಕೆಲಸಕ್ಕೂ ಇಲ್ಲ, ಸ್ವಂತ ಮನೆ ಕೆಲಸಕ್ಕೆ ಸ್ಕೂಲು ಮುಗಿದ್ಮೇಲೆ ಕೈ ಹಾಕಿದ್ರೆ ಮಾತ್ರ ಬೇರೆ. ಇನ್ನೊಬ್ರ ಅಂಗಳದಲ್ಲಿ ಡಬ್ಬದ ಲೆಕ್ಕಕ್ಕೆ ಸುಲಿಯೋದು ಸ್ವಂತ ಮನೆ ಕೆಲಸ ಆಗಲ್ಲ, ಮಾವನ ಜೊತೆ ಹೋದ ಅಂದ್ರೂ ಆಗಲ್ಲ. ಹಾಗಂತ ನಾಳೆನೇ ದೂರು ಕೊಡ್ಬೇಡಿ. ಕೊಯ್ಲು ಶುರುವಾದ್ರೆ ಎಷ್ಟೋ ಮನೇಲಿ ಮುಂಗಡ ಇಸ್ಕೊಂಡು ಖರ್ಚೂ ಮಾಡಿರ್ತಾರೆ. ದೂರು ಕೊಟ್ರೆ ಹುಡುಗನ್ನ ಇನ್ನೂ ದೂರದ ತೋಟಕ್ಕೆ ಕಳಿಸ್ತಾರೆ, ನಿಮಗೂ ಬಾಗಿಲು ಹಾಕ್ತಾರೆ. ಹೊಡೆತ ಬಡಿತ, ಕೂಡಿಹಾಕೋದು ಇದ್ರೆ ಮಾತ್ರ ಕಾಯ್ಬೇಡಿ, ನೇರ 1098.

ಅದಿಲ್ಲ ಅಂದ್ರೆ ಮೊದ್ಲು ಅವ್ನ ಅಮ್ಮನ ಹತ್ರ ಕೂತು ಮುಂಗಡ ಎಷ್ಟು, ಯಾರ ಹತ್ರ, ಕೇಳಿ. ಆಮೇಲೆ ಹೆಡ್‌ಮೇಷ್ಟ್ರು. ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಮ್ಮನನ್ನ ಕರ್ಕೊಂಡು ಹೋಗಿ ಪ್ರಾಯೋಜಕತ್ವಕ್ಕೆ ಅರ್ಜಿ ಹಾಕ್ಸಿ. ಮಿಷನ್ ವಾತ್ಸಲ್ಯ ಯೋಜನೇಲಿ ಮಗು ಮನೇಲೇ ಇದ್ದು ಓದಕ್ಕೆ ಅಂತ ತಿಂಗಳಿಗೆ 4,000 ರೂಪಾಯಿ ಬರುತ್ತೆ, ವಿಧವೆ, ಗಂಡ ಬಿಟ್ಟೋರು, ದುಡಿಯಕ್ಕಾಗದ ಕಾಯಿಲೆ ಇರೋರ ಮಕ್ಕಳಿಗೆ. ಆದಾಯದ ಮಿತಿ ಹಳ್ಳಿಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000. ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕು ಅಂತ ಅಲೆದಾಟ ಇದೆ, ಕೂಲಿ ಬಿಟ್ಟು ಅಷ್ಟು ದಿನ ಅಲೆಯಕ್ಕೆ ಆ ಹೆಂಗಸಿಗೆ ಆಗಲ್ಲ. ನೀವು ಮಂಡಿಲಿ ಲೆಕ್ಕ ಬರೆಯೋರು ಅಂದ್ರಲ್ಲ, ಆ ಅರ್ಜಿ ತುಂಬೋ ಕೆಲಸಕ್ಕೆ ನಿಮ್ಮಂಥೋರೇ ಬೇಕು. ಪ್ರಾರ್ಥನೆ ಬಗ್ಗೆ ಇಷ್ಟು ತಲೆ ಕೆಡಿಸ್ಕೊಂಡಿದೀರಿ, ಫಾರಂ ಬಗ್ಗೆ ಸ್ವಲ್ಪ ಕೆಡಿಸ್ಕೊಳಿ.

ಶಂಕರಘಟ್ಟ_ಎಂಎಸ್‌ಡಬ್ಲ್ಯೂ:

ಒಂದು ಸಣ್ಣ ಸೇರ್ಪಡೆ. ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಅಂತ 1904ರಿಂದ ಇದೇ ಥರ ಒಂದು ಮಗುಗೆ ಒಬ್ರು ದೊಡ್ಡೋರನ್ನ ಜೋಡಿ ಮಾಡ್ತಾರೆ. ಆ ಜೋಡಿಗಳ ಮೇಲೆ 2002ರಲ್ಲಿ ಬಂದ ಒಂದು ಅಧ್ಯಯನ ನಮ್ಮ ಕ್ಲಾಸಲ್ಲಿ ಓದಿದ್ವಿ. ವರ್ಷಕ್ಕಿಂತ ಜಾಸ್ತಿ ನಡೆದ ಜೋಡಿಗಳಲ್ಲಿ ಮಕ್ಕಳಿಗೆ ಒಳ್ಳೇದಾಗಿತ್ತು, ಕೆಲವೇ ತಿಂಗಳಲ್ಲಿ ಬಿಟ್ಟು ಹೋದ ಕಡೆ ಮಕ್ಕಳಿಗೆ ತಮ್ಮ ಬಗ್ಗೆ ಇದ್ದ ನಂಬಿಕೆ ಮುಂಚಿಗಿಂತ ಕಮ್ಮಿ ಆಗಿತ್ತು. ಅಂದ್ರೆ ಅರ್ಧಕ್ಕೆ ಬಿಡೋದಕ್ಕಿಂತ ಹೋಗ್ದೇ ಇರೋದು ವಾಸಿ. ನೀವು ಈಗ ಮೂರನೇ ವಾರದಲ್ಲಿದೀರಾ, ಯೋಚ್ನೆ ಮಾಡಕ್ಕೆ ಇದೇ ಸಮಯ.

ಭದ್ರಾವತಿ_ಲೋಕಲ್:

ಮೇಲೆ ಹುಡುಗ ಹುಡುಗ ಅಂತ ಎಲ್ರೂ ಬರೆದಿದೀರಲ್ಲ, ಆ ಹುಡುಗ ಒಂದು ಕಾಲದಲ್ಲಿ ನಾನು. ಬರೀಲೋ ಬೇಡ್ವೋ ಅಂತ ಎರಡು ದಿನ ಯೋಚ್ನೆ ಮಾಡ್ದೆ.

ನಮ್ಮಪ್ಪ ಫ್ಯಾಕ್ಟರಿಲಿ ಕಾಂಟ್ರಾಕ್ಟ್ ಲೇಬರ್, ಕೆಲಸ ಒಂದಿನ ಇದ್ರೆ ನಾಲ್ಕು ದಿನ ಇಲ್ಲ, ಕುಡಿತ ಮಾತ್ರ ಏಳು ದಿನಾನೂ ಇತ್ತು. ನಂಗೆ ಹನ್ನೆರಡು ವರ್ಷ ಇದ್ದಾಗ ಚರ್ಚಿನೋರು ಅಂತ ಒಬ್ರು ಅಣ್ಣ ಬಂದ್ರು, ಬೆಂಗಳೂರಿಂದ, ಗಿಟಾರ್ ತಂದಿದ್ರು, ತುಂಬಾ ಚೆನ್ನಾಗಿ ಮಾತಾಡೋರು, ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡು ಫೋಟೋ ತೆಗೆಸ್ಕೊಂಡ್ರು. ನಾಲ್ಕು ವಾರ ಬಂದ್ರು. ಐದನೇ ವಾರ ನಾನು ಗೇಟ್ ಹತ್ರ ಕಾದೆ, ಆರನೇ ವಾರನೂ ಕಾದೆ. ಅವರಿಗೆ ಏನೋ ಕಷ್ಟ ಬಂದಿರ್ಬಹುದು, ಈಗ ಅರ್ಥ ಆಗುತ್ತೆ. ಆಗ ನಂಗೆ ಅರ್ಥ ಆಗಿದ್ದು ನಾನೇ ಏನೋ ತಪ್ಪು ಮಾಡಿದೀನಿ ಅಂತ. ಆ ವರ್ಷ ಸ್ಕೂಲಲ್ಲಿ ಎಷ್ಟು ಗಲಾಟೆ ಮಾಡ್ದೆ ಅಂದ್ರೆ ಟೀಸಿ ಕೊಡೋ ತನಕ ಹೋಯ್ತು.

ಮರು ವರ್ಷ ಒಬ್ರು ಅಂಕಲ್ ಬಂದ್ರು. ಗಿಟಾರ್ ಇಲ್ಲ ಏನಿಲ್ಲ, ಹಳೇ ಟಿವಿಎಸ್ ಗಾಡಿ, ಮಾತು ಕಮ್ಮಿ, ಬೆವರಿನ ವಾಸನೆ. ನಾನು ಮೊದ್ಲೇ ಸುಟ್ಟುಕೊಂಡೋನು, ಇವರನ್ನ ಓಡಿಸ್ಬೇಕು ಅಂತ ತೀರ್ಮಾನ ಮಾಡಿದ್ದೆ. ಗಾಡಿ ಗಾಳಿ ಬಿಟ್ಟೆ. ಪೆಟ್ರೋಲ್ ಪೈಪ್ ಕಿತ್ತೆ. ಒಂದು ದಿನ ಬಾಯಿಗೆ ಬಂದಂಗೆ ಅವರ ಅಮ್ಮನ ಮೇಲೆ ಬೈದೆ. ಅವ್ರು "ಸರಿ, ಭಾನುವಾರ ಬರ್ತೀನಿ" ಅಂತ ಗಾಡಿ ತಳ್ಕೊಂಡು ಹೋದ್ರು. ಭಾನುವಾರ ಬಂದ್ರು. ಮೂರು ವರ್ಷ ಬಂದ್ರು. ಮಳೆಗಾಲದಲ್ಲಿ ರಸ್ತೆ ಕಾಣದಂಗೆ ಹೊಡೆಯೋವಾಗ್ಲೂ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಬಂದ್ರು. ಆ ಗಾಡಿ ಬಿಚ್ಚಿ ಜೋಡಿಸೋದು ಕಲ್ಸಿದ್ರು, ನಾನು ಇವತ್ತು ಗ್ಯಾರೇಜ್ ಇಟ್ಕೊಂಡಿರೋದು ಅದರಿಂದ.

ಅವರಿಗೆ ಟ್ರಾನ್ಸ್‌ಫರ್ ಆಯ್ತು. ಮೂರು ತಿಂಗಳು ಮುಂಚೆ ಹೇಳಿದ್ರು, ಗೋಡೆ ಕ್ಯಾಲೆಂಡರಲ್ಲಿ ಹೋಗೋ ದಿನ ಗುರುತು ಹಾಕಿಸಿದ್ರು, ನನ್ನ ಕೈಯಲ್ಲೇ. ಹೋದ್ಮೇಲೆ ಕಾರ್ಡ್ ಬರೀತಿದ್ರು. ನಾನು ಒಂದಕ್ಕೂ ಉತ್ತರ ಬರೆದಿಲ್ಲ, ಎಲ್ಲಾ ಇಟ್ಕೊಂಡಿದೀನಿ. ಹೋಗೋರು ಹೋಗ್ಲಿ, ಆದ್ರೆ ಹೇಳಿ ಹೋಗಿ, ಇದೊಂದು ನೆನಪಿಡಿ.

ಗೌಡ್ರಿಗೆ: ನಾನು ಕ್ರಿಶ್ಚಿಯನ್ ಆಗಿಲ್ಲ. ಅವ್ರು ಯಾವತ್ತೂ ಕೇಳಿಲ್ಲ. ಊಟಕ್ಕೆ ಮುಂಚೆ ಕಣ್ಮುಚ್ಚಿ ಒಂದು ನಿಮಿಷ ಸುಮ್ನಾಗೋರು, ಆ ಒಂದು ನಿಮಿಷ ನಾನು ತಟ್ಟೆಗೆ ಕೈ ಹಾಕ್ದೇ ಕಾಯ್ತಿದ್ದೆ, ಅಷ್ಟೇ. ಈಗ್ಲೂ ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ಕುಸ್ವಾರ್ ತಿಂಡಿ ಡಬ್ಬಿ ಬರುತ್ತೆ, ನಮ್ಮನೆ ಗೌರಿ ಹಬ್ಬದ ಕಡುಬು ಅಲ್ಲಿಗೆ ಹೋಗುತ್ತೆ.

ಗಾಜನೂರು_ಗೌಡ:

ಓದ್ದೆ. ಇಂಥೋರಿದ್ರೆ ನಂದೇನೂ ತಕರಾರಿಲ್ಲ. ಎಲ್ರೂ ಇಂಥೋರಲ್ಲ ಅನ್ನೋದು ನನ್ನ ಮಾತು, ಅದು ಹಾಗೇ ಇರ್ಲಿ.

ತುಂಗಾ_ತೀರ_29:

ಐದು ವಾರ ಆದ್ಮೇಲೆ ಬರೀತಿದೀನಿ, ಲೇಟಾಯ್ತು. ಎಲ್ರಿಗೂ ಥ್ಯಾಂಕ್ಸ್, ಭದ್ರಾವತಿ ಅಣ್ಣಂದು ಎಷ್ಟು ಸಲಿ ಓದಿದೀನೋ ಲೆಕ್ಕ ಇಲ್ಲ.

ಮೂರನೇ ವಾರ ಹುಡುಗ ಬರ್ಲಿಲ್ಲ. ಆರು ಗಂಟೆ ತನಕ ಮೆಟ್ಟಿಲ ಮೇಲೆ ಕೂತಿದ್ದೆ, ಉಳಿದ ಮಕ್ಕಳು "ಅಣ್ಣಾ ಅವ್ನು ಬರಲ್ಲ, ನೀವ್ ಹೋಗಿ" ಅಂತಿದ್ರು. ನಾಲ್ಕನೇ ವಾರನೂ ಇಲ್ಲ. ಐದನೇ ವಾರ ಐದೂವರೆಗೆ ಬಂದ, ಬೆರಳೆಲ್ಲ ಅಡಿಕೆ ಚೊಗರು ಹತ್ತಿ ಕಪ್ಪು. "ಹೋದ ವಾರನೂ ಕೂತಿದ್ರಂತೆ" ಅಂದ. ಹೂಂ ಅಂದೆ. ಅದರ ಬಗ್ಗೆ ಮತ್ತೆ ಇಬ್ರೂ ಮಾತಾಡಿಲ್ಲ. ಆರನೇ ವಾರದಿಂದ ಟೈಮಿಗೆ ಬರ್ತಿದಾನೆ.

ಮುಂಗಡ ಆರು ಸಾವಿರ ಅಂತೆ. ಅವ್ನ ಅಮ್ಮನ ಹತ್ರ ಮಾತಾಡಕ್ಕೆ ಚರ್ಚಿಂದ ಒಬ್ರು ಆಂಟಿನ ಕರ್ಕೊಂಡು ಹೋಗಿದ್ದೆ, ನಾನು ಹೊರಗೆ ನಿಂತಿದ್ದೆ, ಅವರಿಬ್ರೇ ಒಂದು ಗಂಟೆ ಮಾತಾಡಿದ್ರು. ಸೆಂಟರಿನೋರು ಮುಂಗಡ ಕೊಟ್ಟೋನ ಹತ್ರ ಮಾತಾಡಿ, ದೊಡ್ಡೋರು ಸುಲಿದು ತೀರಿಸ್ತಾರೆ, ಹುಡುಗ ಬೇಡ ಅಂತ ಒಪ್ಪಿಸಿದಾರೆ, ಎಷ್ಟು ದಿನ ನಿಲ್ಲುತ್ತೋ ಗೊತ್ತಿಲ್ಲ. ಹೆಡ್‌ಮೇಷ್ಟ್ರು ಒಳ್ಳೆಯೋರು, ಹಾಜರಿ ತೆಗೆದುಹಾಕಿರ್ಲಿಲ್ಲ. ಪ್ರಾಯೋಜಕತ್ವದ ಅರ್ಜಿ ಹಾಕಾಗಿದೆ, ಆದಾಯ ಪ್ರಮಾಣಪತ್ರಕ್ಕೆ ಮೂರು ಸಲಿ ಅಲೆದ್ವಿ, ಸರ್ವರ್ ಡೌನ್, ಸರ್ವರ್ ಡೌನ್. ನಮ್ಮ ಮಂಡಿ ಸಾಹುಕಾರ್ರಿಗೆ ಎರಡು ಅರ್ಧ ದಿನ ರಜೆ ಕೇಳೋವಾಗ ಯಾಕೆ ಅಂತ ಹೇಳಿದೆ, ಅವ್ರು ಸ್ವಲ್ಪ ಹೊತ್ತು ಲೆಕ್ಕದ ಪುಸ್ತಕ ನೋಡಿ, ಹೋಗಿ ಬಾ ಅಂದ್ರು.

ಪ್ರಾರ್ಥನೆ ಮಾಡಿಸಿಲ್ಲ. ಯಾಕೆ ಬರ್ತೀರಿ ಅಂತ ಅವ್ನೂ ಇನ್ನೂ ಕೇಳಿಲ್ಲ ಟೀಚರ್. ಈಗ ಜಯಂಟ್ ವೀಲ್ ಮಾಡ್ತಿದೀವಿ, ಐಸ್‌ಕ್ರೀಂ ಕಡ್ಡಿ, ಹಳೇ ಸೈಕಲ್ ಸ್ಪೋಕು, ಒಂದು ಆಟಿಕೆ ಕಾರಿನ ಮೋಟರು. ತಿರುಗುತ್ತೆ ಆದ್ರೆ ಒಂದು ಕಡೆ ವಾಲುತ್ತೆ, ನಂಗೆ ಎಂತ ಮಾಡಿದ್ರೂ ಸರಿ ಆಗ್ತಿಲ್ಲ, ಅವ್ನು ನನ್ನ ಮೇಲೆ ರೇಗ್ತಾನೆ.

ಭದ್ರಾವತಿ_ಲೋಕಲ್:

ಆಕ್ಸಲ್‌ಗೆ ಏನು ಹಾಕಿದೀರ? ಸ್ಪೋಕ್ ಆದ್ರೆ ಬಗ್ಗಿರುತ್ತೆ, ಅದಕ್ಕೇ ವಾಲೋದು. ಕೊಡೆ ಕಡ್ಡಿ ಹಾಕಿ, ಎರಡೂ ಕಡೆ ಖಾಲಿ ರೀಫಿಲ್ ತುಂಡು ಮಾಡಿ ಬುಷ್ ಥರ ಕೂರ್ಸಿ. ಆಗ್ಲಿಲ್ಲ ಅಂದ್ರೆ ಶನಿವಾರ ಮಧ್ಯಾಹ್ನ ಗ್ಯಾರೇಜ್ ಮುಚ್ಚಿ ನಾನೇ ಬರ್ತೀನಿ, ಸೆಂಟರಿನೋರ ಹತ್ರ ಮೊದ್ಲೇ ಹೇಳಿಡಿ.